ಸಕ್ಕರೆ ತಿಂದು ಅಳಿಸಿದವರು

ಮಂಡಕ್ಕಿ ಸೀದ ವಾಸನೆಯನ್ನು ಒಮ್ಮೆ ಮೂಗಿಗೆ ತುಂಬಿಕೊಂಡವರು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ನಾನು ಹುಟ್ಟಿ ಬೆಳೆದ ಮನೆಯ ಹಿಂದೆಯೇ ಭಟ್ಟಿ ಇತ್ತು. ಕಾದ ಮರಳು, ಉರಿಯುವ ಹೊಟ್ಟು, ಅರಳುವ ಅಕ್ಕಿ, ಈ ಮೂರರ ಬಿಸಿ ವಾಸನೆ ಬೆಳಗಿನಿಂದಲೇ ಅಂಗಳಕ್ಕೆ ಬರುತ್ತಿತ್ತು. ಅದು ಒಳ್ಳೆಯ ವಾಸನೆ. ಯಾವಾಗಲಾದರೊಮ್ಮೆ ಬಾಣಲೆ ಹೆಚ್ಚು ಕಾದರೆ ಅದಕ್ಕೊಂದು ಕಮಟು ಸೇರಿಕೊಳ್ಳುತ್ತಿತ್ತು. ಆಗ ಭಟ್ಟಿಯ ಅಜ್ಜ, "ಕೈ ತೆಗೀರಿ, ಮೊದ್ಲು ಕೈ ತೆಗೀರಿ" ಎಂದು ಕೆಲಸದವರನ್ನು ಗದರುತ್ತಿದ್ದ. ಸೀಯುತ್ತಿರುವುದನ್ನು ಕೆದಕಿದಷ್ಟೂ ಸೀಯುತ್ತದೆ ಎನ್ನುವುದು ಅವನ ಶಾಸ್ತ್ರ. ಮುಂದೆ ನಾನು ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದೆ. ಅಷ್ಟು ಉಪಯೋಗದ ಮಾತು ಅದರಲ್ಲಿ ಸಿಗಲಿಲ್ಲ.

ಅದೇ ಕಮಟು ಈಚೆಗೆ ಒಂದು ಸೋಮವಾರ ನಮ್ಮ ಪಡಸಾಲೆಯಲ್ಲಿ ಬಂತು. ಅಡಿಗೆಮನೆಯಿಂದಲ್ಲ, ನಮ್ಮ ಯಜಮಾನರ ಕಂಪ್ಯೂಟರ್ ಮೇಜಿನಿಂದ.

ಯಜಮಾನರು, ಅಂದರೆ ಕೆಂಚವೀರಪ್ಪನವರು, ಕಾಲೇಜೊಂದರ ಕಚೇರಿಯಲ್ಲಿ ಮೂವತ್ತಾರು ವರ್ಷ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನಿವೃತ್ತಿಯ ಮರುವಾರವೇ ದಾವಣಗೆರೆ ವಿನೋಬನಗರದ ನಮ್ಮ ಮನೆಯ ಗೇಟಿಗೆ "ವಧೂವರ ಮಾಹಿತಿ ಕೇಂದ್ರ, ಉಚಿತ ಸೇವೆ" ಎಂಬ ಬೋರ್ಡು ಏರಿತು. ಹನ್ನೊಂದು ವರ್ಷದಲ್ಲಿ ಸಾವಿರಾರು ಅರ್ಜಿ, ಅಷ್ಟೇ ಫೋಟೊ. ಎಲ್ಲವೂ ಸೋಪಿನ ಡಬ್ಬಿಯಷ್ಟಿದ್ದ ಒಂದು ಕಪ್ಪು ಹಾರ್ಡ್ ಡಿಸ್ಕಿನಲ್ಲಿ. ಕಾಗದಕ್ಕೆ ಗೆದ್ದಲು ಹತ್ತುತ್ತದೆಂದು, ಸ್ಕ್ಯಾನ್ ಮಾಡಿದ ಮರುದಿನವೇ ಮೂಲ ಅರ್ಜಿಗಳನ್ನು ಬಚ್ಚಲ ಒಲೆಗೆ ಹಾಕುತ್ತಿದ್ದರು. "ಡಿಜಿಟಲ್ ಆತು" ಎನ್ನುತ್ತಿದ್ದರು. ಹನ್ನೊಂದು ವರ್ಷ ನಮ್ಮ ಸ್ನಾನದ ನೀರು ಕಾದದ್ದು ಜಿಲ್ಲೆಯ ಅವಿವಾಹಿತರ ಅರ್ಜಿಗಳ ಮೇಲೆ.

ಯಾರದಾದರೂ ಮದುವೆ ಕೂಡಿ ಲಗ್ನಪತ್ರಿಕೆ ಮನೆಗೆ ಬಂದರೆ ಅವರು ನನ್ನಿಂದ ಒಂದು ಚಮಚ ಸಕ್ಕರೆ ಕೇಳಿ ಪಡೆದು, ಬಾಯಿಗೆ ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಕೂತು ಆ ಜೋಡಿಯನ್ನು ಅಳಿಸುತ್ತಿದ್ದರು. ಸಕ್ಕರೆ ಕರಗುವುದರೊಳಗೆ ಹೆಣ್ಣೂ ಗಂಡೂ ಪರದೆಯಿಂದ ಮಾಯ. ಹೀಗೆ ಇನ್ನೂರ ಹನ್ನೆರಡು ಜೋಡಿ. ಅವರ ಮಧುಮೇಹಕ್ಕೆ ಡಾಕ್ಟರು ಬೇರೆ ಕಾರಣ ಹೇಳುತ್ತಾರೆ, ನಾನು ಒಪ್ಪುವುದಿಲ್ಲ.

ಅವರಿಗೆ ಕಂಪ್ಯೂಟರ್ ಬರುತ್ತದೆ. ಬರುತ್ತದೆ ಎನ್ನುವುದಕ್ಕೆ ಪಡಸಾಲೆಯಲ್ಲಿ ಬಸವಣ್ಣನವರ ಪಟದ ಪಕ್ಕ ಕಟ್ಟು ಹಾಕಿಸಿದ ಸರ್ಟಿಫಿಕೇಟ್ ಇದೆ. ಮೂರು ತಿಂಗಳ ಕೋರ್ಸು, ಸಾವಿರದ ಒಂಬೈನೂರ ತೊಂಬತ್ತೊಂಬತ್ತನೆಯ ಇಸವಿ.

ಇನ್ನು ಸುನೀತಾಳ ವಿಷಯ ಹೇಳಬೇಕು. ಈ ಕಥೆಯಲ್ಲಿ ನಿಜವಾಗಿ ಏನಾದರೂ ಕಳೆದುಕೊಂಡಿದ್ದರೆ ಅವಳೇ.

ಸುನೀತಾ ಮಾಯಕೊಂಡದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮೂವತ್ತೊಂಬತ್ತು ವಯಸ್ಸು. ಗಂಡ ತೀರಿಕೊಂಡು ಹನ್ನೆರಡು ವರ್ಷ, ಅಣ್ಣನ ಮನೆಯಲ್ಲಿ ವಾಸ. ತಿಂಗಳೆರಡರ ಹಿಂದೆ ಒಂದು ಶನಿವಾರ ಬಂದು, ಅಣ್ಣನ ಮನೆಯವರಿಗೆ ಈಗಲೇ ಗೊತ್ತಾದರೆ ಕೂಡುವ ಮುಂಚೆಯೇ ಕೆಡಿಸುತ್ತಾರೆ ಎಂದು ಹೇಳಿ, ಗುಟ್ಟಾಗಿ ಅರ್ಜಿ ತುಂಬಿ ಹೋಗಿದ್ದಳು. ಆಮೇಲೆ ಪ್ರತಿ ಶನಿವಾರ ಬರುತ್ತಿದ್ದಳು. ಏನಾಯಿತು ಎಂದು ಒಮ್ಮೆಯೂ ಕೇಳುತ್ತಿರಲಿಲ್ಲ. ನನ್ನ ಮೊಣಕಾಲು ನೋವಿಗೆ ನುಗ್ಗೆಸೊಪ್ಪು ಬಿಡಿಸಿ ತಂದು ಕೊಟ್ಟು, ಸುಮ್ಮನೆ ಅರ್ಧ ಗಂಟೆ ಕೂತು ಎದ್ದು ಹೋಗುತ್ತಿದ್ದಳು.

ಆ ಸೋಮವಾರದ ಹಿಂದಿನ ಶನಿವಾರ ಸಂಜೆ, ಅವಳು ಬಂದು ಹೋದ ಮೇಲೆ, ಅವಳಿಗೆ ಉತ್ತರ ಬಂದಿತ್ತು. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಯಜಮಾನರ ಕೈಗೆ ಒಬ್ಬರು ಮಡಿಚಿದ ಪತ್ರ ಕೊಟ್ಟು, ಇದು ಆ ಮೇಡಂಗೆ ಮಾತ್ರ, ಈ ತಿಂಗಳ ಕೊನೆಯ ಭಾನುವಾರದೊಳಗೆ ಏನೂ ಸುದ್ದಿ ಬರದಿದ್ದರೆ ಒಪ್ಪಿಗೆ ಇಲ್ಲವೆಂದು ತಿಳಿದುಕೊಳ್ಳುತ್ತೇನೆ, ಮತ್ತೆ ತೊಂದರೆ ಕೊಡುವುದಿಲ್ಲ ಎಂದಿದ್ದರಂತೆ. ಪತ್ರವನ್ನು ಹಾಗೇ ಇಟ್ಟುಕೊಂಡು ಮುಂದಿನ ಶನಿವಾರ ಸುನೀತಾಳ ಕೈಗೆ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಚೇರಿಯ ಪದ್ಧತಿ ಇದೆಯಲ್ಲ, ಮೊದಲು ದಾಖಲೆ, ಆಮೇಲೆ ವಿಲೇವಾರಿ. ಪರರ ಪತ್ರ ಓದುವುದು ಪಾಪವೆಂದು ಯಜಮಾನರು ಛಾವಣಿ ನೋಡುತ್ತಾ ಅದನ್ನು ಸ್ಕ್ಯಾನರ್ ಮೇಲೆ ಮಲಗಿಸಿದರು, ಛಾವಣಿ ನೋಡುತ್ತಲೇ ಎತ್ತಿದರು. ಅವತ್ತು ನನಗೆ ಅವರ ಬಗ್ಗೆ ಹೆಮ್ಮೆಯೇ ಆಯಿತು. ಮರುದಿನ ಪತ್ರ ಉಳಿದ ಕಾಗದಗಳ ಜೊತೆ ಬಚ್ಚಲ ಒಲೆಗೆ ಹೋಯಿತು. ಬರೆದವರ ಹೆಸರನ್ನೂ ಗುಟ್ಟಿಗಾಗಿ ಅವರು ನೆನಪಿಟ್ಟುಕೊಂಡಿರಲಿಲ್ಲ. "ಗಂಡು ಆರುನೂರ ಹನ್ನೊಂದು" ಎಂದು ನಂಬರ್ ಕೊಟ್ಟಿದ್ದರು. ಹೆಸರು, ಫೋನು, ವಿಳಾಸ ಎಲ್ಲ ಆ ಕಪ್ಪು ಡಬ್ಬಿಯಲ್ಲಿ.

ಆ ಡಬ್ಬಿಗೆ ಪ್ರತಿ ಸೋಮವಾರ ವಿಭೂತಿ ಹಚ್ಚುವುದು ನಮ್ಮ ಮನೆಯ ರೂಢಿ. ಅವತ್ತು ಅದು ಏನನ್ನೋ ನಕಲು ಮಾಡಿಕೊಳ್ಳುತ್ತಿತ್ತು. ರಾಹುಕಾಲ ಬರುತ್ತದೆಂದು ಯಜಮಾನರು ನಡುವೆಯೇ ವೈರ್ ಕಿತ್ತು, ಮೂರು ಬೆರಳಿನ ವಿಭೂತಿ ಎಳೆದು, ಮತ್ತೆ ಚುಚ್ಚಿದರು. ಕಂಪ್ಯೂಟರ್ ಬಹಳ ಮರ್ಯಾದೆಯಿಂದ ಕೇಳಿತು: ಈ ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ?

ಮೂವತ್ತಾರು ವರ್ಷ "ಅನುಮೋದಿಸಿದೆ" ಎಂದು ಬರೆದ ಕೈ ಅದು. ಕೆಳಗಿನವರು ಕಡತ ಇಟ್ಟು ವಿನಯದಿಂದ ಕೇಳಿದರೆ ಇಲ್ಲ ಎನ್ನುವುದು ಅದಕ್ಕೆ ಗೊತ್ತೇ ಇಲ್ಲ. ಹೂಂ ಒತ್ತಿದರು. ಅದು ಇನ್ನೊಂದು ಕೇಳಿತು. ಹೂಂ. ಕೊಂಡಿ ತಪ್ಪಿದ ತುಣುಕುಗಳನ್ನು ಬೇರೆ ಫೈಲುಗಳಾಗಿ ಮಾಡಲೇ? ಅದಕ್ಕೂ ಹೂಂ. ಹದಿನಾಲ್ಕು ಸಲ ಒತ್ತಿದ್ದನ್ನು ನಾನು ಬದನೆಕಾಯಿ ಹೆಚ್ಚುತ್ತಾ ಎಣಿಸಿದೆ. ನನ್ನ ಸಿಟ್ಟು ಆ ಯಂತ್ರದ ಮೇಲೆ. ಹೂಂ ಅಂದರೆ ಮನೆ ಮುರಿಯುತ್ತದೆ ಎಂದು ಗೊತ್ತಿದ್ದೂ ಅಷ್ಟು ಮೃದುವಾಗಿ ಕೇಳುವುದು ಎಂಥ ಸಂಸ್ಕಾರ? ಕೇಳುವವರಿಗೂ ಒಂದು ಜವಾಬ್ದಾರಿ ಬೇಡವೇ?

ಒಂದು ಗಂಟೆಯ ಮೇಲೆ ಡಬ್ಬಿ ಕಾದು ಆ ಕಮಟು ಎದ್ದಿತು.

"ಏನ್ರಿ, ಕೈ ತೆಗೀರಿ ಅದರ ಮ್ಯಾಲಿಂದ" ಎಂದೆ.

"ರಿಪೇರಿ ನಡದೈತೆ ನಾಗಮ್ಮ. ನಡುವೆ ಬಾಯಿ ಹಾಕಬ್ಯಾಡ" ಎಂದರು.

ರಿಪೇರಿ ಮುಗಿದಾಗ ಒಂದೂ ಹೆಸರು ಉಳಿದಿರಲಿಲ್ಲ. ಫೈಲ್ ಸೊನ್ನೆ ಸೊನ್ನೆ ಸೊನ್ನೆ ಒಂದು, ಸೊನ್ನೆ ಸೊನ್ನೆ ಸೊನ್ನೆ ಎರಡು, ಹೀಗೆ ಸಾವಿರಾರು. ಯಜಮಾನರಿಗೆ ಸಂತೋಷವೇ ಆಯಿತು, ಎಲ್ಲರಿಗೂ ಕ್ರಮಸಂಖ್ಯೆ ಕೊಟ್ಟಿದೆ ಎಂದರು. ಆಮೇಲೆ ಒಂದೊಂದೇ ತೆರೆಯಲು ನೋಡಿದರು. ಯಾವುದೂ ತೆರೆಯಲಿಲ್ಲ. ಅವತ್ತು ಮಧ್ಯಾಹ್ನ ಅವರು ಊಟ ಬಿಟ್ಟರು. ಮದುವೆಯಾಗಿ ನಲವತ್ತನಾಲ್ಕು ವರ್ಷದಲ್ಲಿ ಬದನೆಕಾಯಿ ಪಲ್ಯವನ್ನು ಅವರು ಬಿಟ್ಟದ್ದು ಅದೇ ಮೊದಲು.

ಮಂಗಳವಾರ ಪಕ್ಕದ ಮನೆಯ ಅಂಜನಕುಮಾರ ಒಂದು ಪೆನ್‌ಡ್ರೈವ್ ತಂದುಕೊಟ್ಟ. ಕಳೆದುಹೋದದ್ದನ್ನೆಲ್ಲ ಹುಡುಕಿ ಕೊಡುವ ಪ್ರೋಗ್ರಾಮು, ಪುಕ್ಕಟೆ. ಅದು ಹುಡುಕಿದ್ದನ್ನೆಲ್ಲ ಎಲ್ಲಿ ಇಡಲಿ ಎಂದು ಕೇಳಿತು. ಯಜಮಾನರು ಅದೇ ಡಬ್ಬಿ ತೋರಿಸಿದರು. ತೋಡಿದ ಮಣ್ಣನ್ನು ಅದೇ ಗುಂಡಿಗೆ ಸುರಿದಂತೆ. ಸಂಜೆಗೆ ಇದ್ದ ಅರ್ಧವೂ ಹೋಯಿತು. ಅಂಜನಕುಮಾರ ಮೂರು ದಿನ ನಮ್ಮ ಮನೆಯ ಕಡೆ ತಲೆ ಎತ್ತಿ ನೋಡಲಿಲ್ಲ. ಆದರೆ ನಮ್ಮ ಹಾಲಿನ ಪಾಕೀಟನ್ನು ದಿನಾ ಬೆಳಿಗ್ಗೆ ಬೆಕ್ಕಿಗೆ ಸಿಗದಂತೆ ಗೇಟಿನ ಮೇಲೆ ಎತ್ತಿಡುತ್ತಿದ್ದವನು ಅವನೇ ಎಂದು ನನಗೆ ಗೊತ್ತು.

ಬುಧವಾರ ನಾವಿಬ್ಬರೂ ಹರಿಹರಕ್ಕೆ ಹೋದೆವು. ಅಲ್ಲಿ ಮಹೀನ್ ಎನ್ನುವ ಹೆಣ್ಣುಮಗಳು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ, ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆಯುವುದರಲ್ಲಿ ನುರಿತವಳು ಎಂದು ಯಾರೋ ಹೇಳಿದ್ದರು. ನಲವತ್ತರ ಹತ್ತಿರದ ವಯಸ್ಸು, ಮೂಗಿನ ಮೇಲೆ ಜಾರಿದ ಕನ್ನಡಕ. ಅವಳು ಮೊದಲು ಮಾಡಿದ ಕೆಲಸವೆಂದರೆ ಫ್ಯಾನನ್ನು ನನ್ನ ಕಡೆ ತಿರುಗಿಸಿದ್ದು. ಎರಡನೆಯದು, ಡಬ್ಬಿಯ ಮೇಲಿನ ವಿಭೂತಿಯನ್ನು ಅಳಿಸದಂತೆ ಅಂಚಿನಲ್ಲಿ ಹಿಡಿದು ತೆಗೆದುಕೊಂಡದ್ದು. ಮೂರನೆಯದು ಬೈದದ್ದು.

"ಅಂಕಲ್, ಮಾಹಿತಿ ಹೋಗಿದ್ದು ವೈರ್ ಕಿತ್ತಿದ್ದಕ್ಕಲ್ಲ, ನೀವು ರಿಪೇರಿ ಮಾಡಿದ್ದಕ್ಕೆ. ಮೊದ್ಲು ಡಿಸ್ಕಿನ ನಕಲು ತಗಂಡು, ಆ ನಕಲಿನ ಮ್ಯಾಲೆ ಏನಾರ ಮಾಡ್ಬೇಕು. ಮೂಲದ ಮ್ಯಾಲೆ ಕೈ ಹಾಕಂಗಿಲ್ಲ."

ನಾನು ಯಜಮಾನರ ಮುಖ ನೋಡಿದೆ. ಅವರು ಫ್ಯಾನು ನೋಡಿದರು. ಅವಳ ಅಜ್ಜನಿಗೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇತ್ತೆಂದು ಆಮೇಲೆ ಮಾತಿಗೆ ಮಾತು ಬಂದು ತಿಳಿಯಿತು. ನನಗೆ ಆಶ್ಚರ್ಯವಾಗಲಿಲ್ಲ.

ಅವಳು ಹೇಳಿದ್ದು ಇಷ್ಟು: ಎರಡನೆಯ ರಿಪೇರಿ ಈ ವರ್ಷದ ಹೊಸ ಅರ್ಜಿಗಳ ಮೇಲೇ ಬರೆದು ಬಿಟ್ಟಿದೆ, ಅವು ಬರುವುದು ಕಷ್ಟ. ಹಳೆಯವು ಬರುತ್ತವೆ. ಅಳಿಸಿದವೂ ಬರುತ್ತವೆ. ಹಾಗಾಗಿ ಪರೀಕ್ಷೆ ಮಾಡದೆ ಯಾರಿಗೂ ಕಳಿಸಬೇಡಿ. ಯಜಮಾನರು ಎಂದಿನಂತೆ ಹೂಂ ಎಂದರು. ಪತ್ರದ ವಿಷಯ ನಾನು ಹೇಳಿದೆ. ಕೊನೆಯ ಭಾನುವಾರ ಇದೇ ಭಾನುವಾರ ಎಂದೂ ಹೇಳಿದೆ. ಮಹೀನ್ ಕನ್ನಡಕ ಮೇಲಕ್ಕೆ ತಳ್ಳಿ, ಅದನ್ನು ಕೊನೆಯವರೆಗೂ ಹುಡುಕುತ್ತೇನೆ ಆಂಟಿ ಎಂದಳು.

ಹಿಂತಿರುಗುವಾಗ ಯಜಮಾನರು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ನಿಂತರು. ಆರುನೂರ ಹನ್ನೊಂದರ ಬಗ್ಗೆ ಅವರಿಗೆ ನೆನಪಿದ್ದದ್ದು ಒಂದೇ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಬಸ್ಸಿಳಿದ ಗಂಡಸರ ಎದೆಯನ್ನೆಲ್ಲ ಬಗ್ಗಿ ಬಗ್ಗಿ ನೋಡಿದರು. ಎರಡು ಪೆನ್ನಿನ ಐವರು ಸಿಕ್ಕರು. ಮೂವರು ಕಂಡಕ್ಟರುಗಳು, ಒಬ್ಬರು ಎಲ್‌ಐಸಿ ಏಜೆಂಟರು, ಇನ್ನೊಬ್ಬರು ಇವರನ್ನೇ ಕಿಸೆಗಳ್ಳನೆಂದು ತಿಳಿದು ಜೇಬು ಮುಚ್ಚಿಕೊಂಡು ಓಡಿದರು.

ಶುಕ್ರವಾರ ಸಂಜೆ ಮಹೀನ್ ಮೊದಲ ಕಂತು ಕಳಿಸಿದಳು, ಆರುನೂರು ಅರ್ಜಿ, ಫೋಟೊ ಸಮೇತ. ಪರೀಕ್ಷೆ ಮಾಡಿ ಎಂದು ಮತ್ತೆ ಬರೆದಿದ್ದಳು. ನಾನೂ ಹೇಳಿದೆ, ಇದರಲ್ಲಿ ಮದುವೆ ಆದವರೂ ಇರಬಹುದು ಎಂದು. ಯಜಮಾನರಿಗೆ ನನ್ನ ಅಜ್ಞಾನ ಕಂಡು ಕನಿಕರವಾಯಿತು.

"ಸಕ್ಕರೆ ತಿಂದು ಅಳಿಸಿದ್ದು ಹೆಂಗೆ ವಾಪಸ್ ಬರತೈತೆ?" ಎಂದು ಕೇಳಿದರು.

ಎರಡು ವಾರದಿಂದ ಫೋನು ಮಾಡಿ ಪೀಡಿಸುತ್ತಿದ್ದ ನಲವತ್ತು ಮನೆಗಳಿಗೆ ಅವರು ರಾತ್ರಿ ಊಟಕ್ಕೆ ಮೊದಲೇ "ಯೋಗ್ಯ ಸಂಬಂಧ, ಪರಿಶೀಲಿಸಿ" ಎಂದು ವಾಟ್ಸಾಪಿನಲ್ಲಿ ವಿಲೇವಾರಿ ಮಾಡಿದರು.

ಶನಿವಾರ ಬೆಳಿಗ್ಗೆ ಏಳಕ್ಕೆ ಫೋನು ಶುರುವಾಯಿತು. ಮಗನಿಗೆ ಹೆಣ್ಣು ಹುಡುಕುತ್ತಿದ್ದ ಭಾನುವಳ್ಳಿಯ ಒಬ್ಬರಿಗೆ ಅವರ ಬೀಗರ ಸೊಸೆಯ ಫೋಟೊ ಹೋಗಿತ್ತು. ಒಂದು ಹುಡುಗಿಗೆ ಅವಳು ಪಾಠ ಮಾಡುವ ಶಾಲೆಯ ಹೆಡ್‌ಮಾಸ್ತರರ ಫೋಟೊ. ಒಂಬತ್ತಕ್ಕೆ ಬಾತಿಯಿಂದ ಬೈಕಿನಲ್ಲಿ ಚೌಡೇಶ್ ಎಂಬುವನು ತಾಯಿಯನ್ನು ಹಿಂದೆ ಕೂರಿಸಿಕೊಂಡು ಬಂದ. ಏಳು ವರ್ಷದ ಹಿಂದೆ ನಮ್ಮಲ್ಲೇ ಮದುವೆ ಕೂಡಿದವನು, ಹೆಂಡತಿ ಸ್ನೇಹಾ. ಈಗ ಅವನ ತಮ್ಮ ಗಿರೀಶನಿಗೆ ಹೆಣ್ಣು ನೋಡುತ್ತಿದ್ದರು. ಗಿರೀಶನಿಗೆ ಯಜಮಾನರು ಕಳಿಸಿದ ಯೋಗ್ಯ ಸಂಬಂಧ ಅವನ ಸ್ವಂತ ಅತ್ತಿಗೆ.

"ನನ್ನ ಹೆಂಡ್ತಿ ಅರ್ಜಿ ನಿಮ್ಮನ್ಯಾಗ ಇನ್ನೂ ಚಾಲ್ತಿ ಐತೇನ್ರಿ?" ಎಂದು ಚೌಡೇಶ್ ಗೇಟಿನಲ್ಲೇ ನಿಂತು ಕೇಳಿದ. ಬೀದಿಯ ಒಂಬತ್ತು ಬಾಗಿಲು ತೆರೆದವು. ಎರಡು ಮಕ್ಕಳ ತಾಯಿಯನ್ನು ಬಜಾರಿಗೆ ಇಟ್ಟಿದ್ದೀರಿ, ಪೊಲೀಸರಿಗೆ ಫೋನು ಮಾಡಿದ್ದೇನೆ ಎಂದ.

ಅವನ ತಾಯಿ ದುರುಗವ್ವನ ತಕರಾರು ಬೇರೆಯೇ ಇತ್ತು. ಆಕೆ ಮೊಬೈಲನ್ನು ನನ್ನ ಕಣ್ಣಿಗೆ ಹಿಡಿದು, ಅರ್ಜಿಯಲ್ಲಿದ್ದ ಎರಡು ಸಾಲು ತೋರಿಸಿದಳು. ಅಡಿಗೆಯಲ್ಲಿ ನಿಪುಣೆ, ಮೃದು ಸ್ವಭಾವ.

"ಇದನ್ನ ಬರದೋರು ಯಾರವ್ವ? ಕಳಸಾದು ಕಳಿಸ್ರಿ, ಖರೇನ ಆದ್ರೂ ಬರೀರಿ. ಪಾಪ, ಇನ್ನೊಂದು ಮನಿ ಹಾಳಾಗಬಾರದು."

ತಾಯಿಯ ಈ ಮಾತಿಗೆ ಚೌಡೇಶ್ ಹೆಂಡತಿಯ ಪರ ವಹಿಸಬೇಕಾಯಿತು. ಹೆಂಡತಿಯ ಸಾರಿನ ಗುಣಗಾನವನ್ನು ಅವನು ಏಳು ವರ್ಷದಲ್ಲಿ ಮೊದಲ ಸಲ, ಅದೂ ಬೀದಿಗೆ ಕೇಳುವಂತೆ ಮಾಡಿದ್ದು ಅವತ್ತು. ಅದಾದರೂ ನಮ್ಮ ಕೇಂದ್ರದಿಂದ ಆದ ಉಪಕಾರವೆಂದು ನಾನು ತಿಳಿದಿದ್ದೇನೆ.

ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಹಾಲೇಶಪ್ಪ ಬಂದರು. ಮನೆ ಮುಂದೆ ಪೊಲೀಸ್ ಗಾಡಿ ನಿಂತರೆ ಹಿರಿಯರಿಗೆ ಚೆನ್ನಲ್ಲವೆಂದು ಮೂಲೆಯಲ್ಲೇ ನಿಲ್ಲಿಸಿ ನಡೆದು ಬಂದಿದ್ದರು. ಒಳಗೆ ಕೂತು ಕಂಪ್ಯೂಟರಿನ ಫೋಟೊಗಳನ್ನು ಒಂದೊಂದಾಗಿ ತಿರುವಿದರು. ಒಂದು ಕಡೆ ಅವರ ಕೈ ನಿಂತಿತು. ತಲೆತುಂಬ ಕೂದಲು, ದಪ್ಪ ಮೀಸೆಯ ಒಬ್ಬ ತರುಣ. ಹಾಲೇಶಪ್ಪ ಟೋಪಿ ತೆಗೆದು ತಲೆ ಸವರಿಕೊಂಡರು. ಅಲ್ಲಿ ಸವರಲು ಈಗ ಏನೂ ಉಳಿದಿರಲಿಲ್ಲ.

"ಯಜಮಾನ್ರೆ, ಇದು ನಾನು" ಎಂದರು. ದನಿ ಇಳಿಸಿ, "ಒಂಬತ್ತು ಕಡೆ ಬ್ಯಾಡ ಅಂದಿದ್ರು. ಯಾರ್ಯಾರು ಅನ್ನಾದು ಇದರಾಗ ಸಿಗತೈತಾ?" ಎಂದು ಕೇಳಿದರು.

ಸಿಗುವುದಿಲ್ಲ ಎಂದು ನಾನು ಅಡಿಗೆಮನೆಯಿಂದಲೇ ಹೇಳಿದೆ. ಹಾಲೇಶಪ್ಪ ನಿಟ್ಟುಸಿರು ಬಿಟ್ಟು, ಆ ಫೋಟೊವನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡು, ಚೌಡೇಶನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳಿ ಕಳಿಸಿದರು. ದೂರು ಬರೆದುಕೊಳ್ಳಲಿಲ್ಲ. ಯಜಮಾನರು ಮಾತ್ರ ಇಲಾಖೆಗೆ ಗೌರವ ಕೊಡಬೇಕೆಂದು ಅವರನ್ನು ಬೀದಿಯ ಉದ್ದಕ್ಕೂ ನಡೆಸಿಕೊಂಡು ಹೋಗಿ ಬೀಳ್ಕೊಟ್ಟು, ನೋಡದಿದ್ದವರೂ ನೋಡುವಂತೆ ಮಾಡಿದರು.

ಆ ಗದ್ದಲದ ನಡುವೆ ಸುನೀತಾ ನುಗ್ಗೆಸೊಪ್ಪಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಎಲ್ಲ ಕೇಳಿಸಿಕೊಂಡಿದ್ದಳು. ಯಜಮಾನರು ತಲೆ ತಗ್ಗಿಸಿ ಅವಳಿಗೆ ನಡೆದದ್ದನ್ನೆಲ್ಲ ಹೇಳಿದರು, ಉತ್ತರ ಬಂದಿತ್ತು, ಓದುವ ಮೊದಲೇ ಹೋಯಿತು ಎಂದು. ಅವಳು ಸೊಪ್ಪನ್ನು ನನ್ನ ಕೈಗೆ ಕೊಟ್ಟು, "ಹೋಗ್ಲಿ ಬಿಡ್ರಿ ಸರ್, ನೀವು ಊಟ ಬಿಡಬ್ಯಾಡ್ರಿ" ಎಂದಳು.

ನನಗೆ ತಡೆಯಲಾಗಲಿಲ್ಲ. ಇಷ್ಟು ದಿನ ಯಂತ್ರದ ಮೇಲಿದ್ದ ಸಿಟ್ಟು ಸರಿಯಾದ ವಿಳಾಸಕ್ಕೆ ತಲುಪಿತು.

"ಹನ್ನೆರಡು ವರ್ಷದ ಮ್ಯಾಲೆ ಒಬ್ರು ಅವಳಿಗೆ ಒಂದು ಕಾಗದ ಬರದ್ರು. ಅದನ್ನ ಸುಟ್ಟು ನೀರು ಕಾಸ್ಕಂಡ್ರಿ. ಆ ನೀರು ನಾನೂ ಹಾಕ್ಕಂಡೆ. ನಾಳೆ ಸಂಜೆ ತನಕ ಟೈಮ್ ಐತೆ. ನಾಳೆ ನೀವು ಯಾವ ಮಷೀನಿಗೂ ಹೂಂ ಅನ್ನಬ್ಯಾಡ್ರಿ."

ಯಜಮಾನರು ಹೂಂ ಎನ್ನಲು ಬಾಯಿ ತೆರೆದು, ಮುಚ್ಚಿದರು.

ಭಾನುವಾರ ಬೆಳಿಗ್ಗೆ ಮಹೀನ್ ಫೋನು ಮಾಡಿದಳು. ಪತ್ರದ ಫೈಲು ಇರಬಹುದಾದ ಜಾಗದಲ್ಲಿ ಒಂದೇ ಒಂದು ಚಿತ್ರ ಪೂರ್ತಿ ಸಿಕ್ಕಿದೆ, ಬನ್ನಿ ಎಂದಳು. ಸುನೀತಾ ಸುದ್ದಿ ಕೇಳಿ ಮಾಯಕೊಂಡದಿಂದ ಸಿಕ್ಕ ಮೊದಲ ಬಸ್ಸಿಗೆ ಬಂದಳು. ತಿಂಡಿಯನ್ನೂ ತಿಂದಿರಲಿಲ್ಲ. ಹರಿಹರದ ಅಂಗಡಿಯಲ್ಲಿ ಮಹೀನ್ ತರಿಸಿದ ಚಹಾವನ್ನೂ ಬೇಡವೆಂದಳು. ನಾವು ಮೂವರೂ ಪರದೆಯ ಮುಂದೆ ಕೂತೆವು.

ಚಿತ್ರ ತೆರೆಯಿತು. ಬಿಳಿ. ಮೂಲೆಯಿಂದ ಮೂಲೆಗೆ ಬರೀ ಬಿಳಿ.

ಮಹೀನ್ ಮೆಲ್ಲಗೆ, ಫೈಲು ಸರಿಯಾಗಿಯೇ ಇದೆ ಎಂದಳು. ರಿಪೇರಿಯ ತಪ್ಪಲ್ಲ. ಛಾವಣಿ ನೋಡುತ್ತಾ ಸ್ಕ್ಯಾನ್ ಮಾಡಿದ ಧರ್ಮಾತ್ಮರು ಪತ್ರವನ್ನು ಮಗುಚಿ ಇಟ್ಟಿದ್ದರು. ಬರೆಯದ ಮಗ್ಗುಲು ದಾಖಲಾಗಿತ್ತು. ಏಳು ದಿನ, ಎರಡು ರಿಪೇರಿ, ಒಬ್ಬ ಹೆಡ್ ಕಾನ್‌ಸ್ಟೇಬಲ್, ಎಲ್ಲವೂ ಒಂದು ಖಾಲಿ ಹಾಳೆಗಾಗಿ.

ಯಜಮಾನರು ಎದ್ದು ಅಂಗಡಿಯ ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಅವರ ಬೆನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ.

ಮಹೀನ್ ಮಾತ್ರ ಎದ್ದಿರಲಿಲ್ಲ. ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. "ಆಂಟಿ, ಇಂಕ್ ಪೆನ್ನು, ತೆಳು ಹಾಳಿ. ಈಕಡೆ ಒಸರೈತೆ" ಎಂದಳು. ಚಿತ್ರದ ಇನ್ನೊಂದು ನಕಲು ತೆಗೆದು, ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಕಪ್ಪು ಏರಿಸುತ್ತಾ ಹೋದಳು. ಒಂದೂವರೆ ಗಂಟೆ ಹಿಡಿಯಿತು. ಒತ್ತಿ ಬರೆದ ಕಡೆ ಮಾತ್ರ ಅಕ್ಷರ ಮೂಡಿತು. ಅಡ್ರೆಸ್ಸಿನ ಒಂದು ಸಾಲು: ಹರಿಹರ, ದೇವಸ್ಥಾನದ ಹಿಂದಿನ ಬೀದಿ, ಹಸಿರು ಬಾಗಿಲು. ಹೆಸರು: ಯೋಗರಾಜ್. ನಡುವೆ ಒಂದೇ ಒಂದು ವಾಕ್ಯ ಪೂರ್ತಿ ಬಂತು.

"ಅಡಿಗೆ ನಾನೇ ಮಾಡಿಕೊಳ್ಳುತ್ತೇನೆ, ಆದರೆ ರೊಟ್ಟಿ ಇನ್ನೂ ದುಂಡಗೆ ಬರುವುದಿಲ್ಲ."

ಸುನೀತಾ ಅದನ್ನು ಎರಡು ಸಲ ಓದಿದಳು. ಆಮೇಲೆ ಚಪ್ಪಲಿ ಹುಡುಕಿದಳು.

ಹಸಿರು ಬಾಗಿಲು ತಟ್ಟಿದಾಗ ಮೂರು ಗಂಟೆ. ಬಾಗಿಲು ತೆರೆದವರ ಜೇಬಿನಲ್ಲಿ ಭಾನುವಾರವೂ ಎರಡು ಪೆನ್ನಿದ್ದವು. ಯಜಮಾನರು ಕೈ ಮುಗಿದು, ವಿಷಯ, ಉಲ್ಲೇಖ, ವಿಳಂಬಕ್ಕೆ ಕಾರಣ, ಹೀಗೆ ಕಚೇರಿ ಪತ್ರದ ಧಾಟಿಯಲ್ಲಿ ಕ್ಷಮೆ ಕೇಳಲು ಶುರು ಮಾಡಿದರು. ಯೋಗರಾಜ್ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಸುನೀತಾ ಒಂದು ಹೆಜ್ಜೆ ಮುಂದೆ ಬಂದಳು.

"ನಿಮ್ಮ ಪತ್ರ ಪೂರ್ತಿ ಓದಾಕ ಆಗ್ಲಿಲ್ರಿ. ರೊಟ್ಟಿ ವಿಚಾರ ಒಂದು ಗೊತ್ತಾತು" ಎಂದಳು.

ಅವರು ಅವಳ ಬಾಡಿದ ಮುಖ ನೋಡಿದರು. ಕೂಡ್ರಿ ಎಂದು ನಮಗೆ ಚಾಪೆ ತೋರಿಸಿ ಒಳಗೆ ಹೋದರು. ಪಾತ್ರೆ ಸದ್ದಾಯಿತು. ಯಜಮಾನರು ಉಳಿದ ಅರ್ಧ ಕ್ಷಮೆಯನ್ನು ಮುಗಿಸಲು ಬಾಯಿ ತೆರೆದರು, ನಾನು ಮೊಣಕೈಯಿಂದ ತಿವಿದೆ. ಯೋಗರಾಜ್ ಒಂದು ತಟ್ಟೆ ಹಿಡಿದು ಬಂದರು. ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಎರಡು ರೊಟ್ಟಿ. ಅದನ್ನು ಸುನೀತಾಳ ಕೈಗೆ ಕೊಟ್ಟರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ರೊಟ್ಟಿ ಯಾವ ದಿಕ್ಕಿನಿಂದ ನೋಡಿದರೂ ದುಂಡಗಿರಲಿಲ್ಲ.